ಇಪ್ಪತ್ತನೆಯ ಹೆಸರು

ಚೆಂಬೂರು, ಮುಂಬಯಿ
2 ಮಾರ್ಚ್ 2025

ನೇತ್ರಾ,

ನೀನು ಅಡಿಲೇಡ್ ತಲುಪಿ ಒಂದು ವಾರವಾಯಿತು. ನಿನ್ನೆ ಫೋನಿನಲ್ಲಿ ನೀನು ಹೇಳಿದ್ದರಲ್ಲಿ ನನಗೆ ಕೇಳಿಸಿದ್ದು ‘ಅಪ್ಪಾಜಿ’ ಎಂಬುದೊಂದೇ. ಉಳಿದದ್ದೆಲ್ಲ ಮಿಕ್ಸರ್ ಸದ್ದು. ಕಿವಿಗೆ ಯಂತ್ರ ಹಾಕಿಕೊಂಡರೂ ಫೋನಿನ ಮಾತು ಹಿಡಿಯುವುದಿಲ್ಲ. ಆದ್ದರಿಂದ ಮೊದಲಿನ ಹಾಗೆ ಕಾಗದದ ಮೇಲೆ ಬರೆದು, ಫೋಟೊ ತೆಗೆದು ಕಳಿಸುತ್ತಿದ್ದೇನೆ. ನೀನೂ ಹಾಗೆಯೇ ಮಾಡು. ನಿನ್ನ ಕೈಬರಹ ನೋಡಿದರೆ ಊಟ ಮಾಡಿ ಬರೆದದ್ದೋ ಇಲ್ಲವೋ ನನಗೆ ತಿಳಿಯುತ್ತದೆ.

ಎದೆಯ ಹೊಲಿಗೆ ಒಣಗಿದೆ. ಬೆಳಿಗ್ಗೆ ಗಾರ್ಡನ್ನಿನವರೆಗೆ ಹೋಗಿ ಬರುತ್ತೇನೆ. ಎದುರು ಮನೆಯ ಶೆಟ್ಟೆಪ್ಪ ಬಟ್ಟೆ ಅಂಗಡಿಯನ್ನು ಮಗನಿಗೆ ವಹಿಸಿದ ಮೇಲೆ ನನ್ನ ಪೇಪರಿಗೆ ಪಾಲುದಾರನಾಗಿದ್ದಾನೆ. ನಿನ್ನೆ ಒಳಗಿನ ಪುಟ ತಿರುವಿ, “ಮಾಸ್ತರ, ನಿಮ್ಮ ಮಗಳು ಇರೂ ದೇಶದ ಸುದ್ದಿ ಬಂದೈತಿ ನೋಡ್ರಿ” ಎಂದ. ಅಲ್ಲಿ ಓದಿ ಮುಗಿಸಿದ ವಿದೇಶಿ ವಿದ್ಯಾರ್ಥಿಗಳಿಗೆ ಕೊಡುವ ಕೆಲಸದ ವೀಸಾಕ್ಕೆ ವಯಸ್ಸಿನ ಮಿತಿ ಐವತ್ತಿದ್ದದ್ದು, ಕಳೆದ ವರ್ಷದ ಜುಲೈ ಒಂದರಿಂದ ಮೂವತ್ತೈದಕ್ಕೆ ಇಳಿದಿದೆಯಂತೆ.

“ನೇತ್ರಾಗ ಈಗ ಎಷ್ಟ್ರಿ?”

“ಮೂವತ್ತೈದು.”

“ಹಂಗಾರ ಗೆರಿ ಮ್ಯಾಲ ನಿಂತಾಳ ಬಿಡ್ರಿ.”

ಈ ವಿಷಯ ನೀನು ನನಗೆ ಹೇಳಿರಲಿಲ್ಲ. ಆಗಸ್ಟಿನಲ್ಲಿ ನನ್ನ ಆಪರೇಷನ್ನಿಗೆಂದು ಬಂದು ಆರು ತಿಂಗಳು ಇಲ್ಲೇ ಉಳಿದೆ. ಇಲ್ಲದಿದ್ದರೆ ನವೆಂಬರಿನಲ್ಲಿ ನಿನ್ನ ಎರಡು ವರ್ಷದ ಓದು ಮುಗಿಯುತ್ತಿತ್ತು. ಈಗ ಮುಗಿಯುವುದು ಯಾವಾಗ, ಅರ್ಜಿ ಹಾಕುವುದು ಯಾವಾಗ, ತಾರೀಖು ಸಮೇತ ಬರೆ.

ಅಪ್ಪಾಜಿ


ಅಡಿಲೇಡ್
16 ಮಾರ್ಚ್ 2025

ಅಪ್ಪಾಜಿ,

ಊಟ ಮಾಡಿಯೇ ಬರೆಯುತ್ತಿದ್ದೇನೆ. ಅನ್ನ, ಬೇಳೆ, ಇಲ್ಲಿಯ ಬೀನ್ಸ್ ಪಲ್ಯ.

ಪೇಪರಿನ ಸುದ್ದಿ ನಿಜ. ಆದರೆ ಅದು ಆಮೇಲೆ ಸೇರಿದವರಿಗೆ. ನಾನು ಸೇರಿದ್ದು 2023ರ ಫೆಬ್ರವರಿಯಲ್ಲಿ. ನಮ್ಮಂಥ ಹಳಬರಿಗೆ ಹಳೆಯ ನಿಯಮವೇ. ಶೆಟ್ಟೆಪ್ಪ ಕಾಕಾಗೆ ಹೇಳಿ, ನಾನು ಗೆರೆಯಿಂದ ಬಹಳ ಈಚೆಗಿದ್ದೇನೆ.

ಈ ವಾರ ಎರಡು ದಿನ ತರಬೇತಿಗೆಂದು ನದಿ ದಂಡೆಯ ಊರಿಗೆ ಹೋಗಿದ್ದೆ. ಅಲ್ಲಿಯ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ ಇರುವವರು ನಾಲ್ಕೇ ಜನ. ಮುಖ್ಯಸ್ಥೆ ನನ್ನ ಕೈಯಲ್ಲಿ ಇಡೀ ಪರೀಕ್ಷೆ ಮಾಡಿಸಿ, ವರದಿಯ ಕೆಳಗೆ ನನ್ನದೇ ಸಹಿ ಹಾಕಿಸಿದರು. ಮುಂಬಯಿಯಲ್ಲಿ ಹನ್ನೊಂದು ವರ್ಷ ನಾನು ನೀರು ಪರೀಕ್ಷಿಸಿದೆ, ಸಹಿ ಬೇರೆಯವರದು. ನಿಮಗೆ ಗೊತ್ತಲ್ಲ. ಓದು ಮುಗಿಸಿ ವೀಸಾ ಕಾಗದ ತಂದರೆ ಕಿಟಕಿಯ ಪಕ್ಕದ ಮೇಜು ನನ್ನದಂತೆ. ಹೊರಗಿನವರನ್ನು ತಾವೇ ಪ್ರಾಯೋಜಿಸಿ ಕರೆಸುವ ಅಧಿಕಾರ ಅಷ್ಟು ಚಿಕ್ಕ ಪ್ರಯೋಗಾಲಯಕ್ಕಿಲ್ಲ. ವೀಸಾ ನಾನೇ ತರಬೇಕು.

ಅವ್ವ ತೀರಿಕೊಳ್ಳುವವರೆಗಿನ ಡಯಾಲಿಸಿಸ್‌ನ ಏಳು ವರ್ಷ ನನಗೆ ಮುಂದಿನದು ಯೋಚಿಸಲು ಬಿಡುವಿರಲಿಲ್ಲ. ಮೂವತ್ಮೂರಕ್ಕೆ ವಿಮಾನ ಹತ್ತಿದಾಗ ತಡವಾಯಿತೆಂದೇ ಅಂದುಕೊಂಡಿದ್ದೆ. ಆ ಮೇಜಿನ ಮುಂದೆ ಕೂತಾಗ ತಡವಾಗಿಲ್ಲ ಅನಿಸಿತು.

ಮಾತ್ರೆ ತಪ್ಪಿಸಬೇಡಿ.

ನೇತ್ರಾ


ಚೆಂಬೂರು
6 ಏಪ್ರಿಲ್ 2025

ನೇತ್ರಾ,

ಶೆಟ್ಟೆಪ್ಪನ ಸೊಸೆ ರಾಧಿಕಾ ಪವಾಯಿಯ ಆಫೀಸಿಗೆ ಹೋಗುವವಳು. ಇಂಥದ್ದನ್ನೆಲ್ಲ ಫೋನಿನಲ್ಲಿ ಹುಡುಕಬಲ್ಲಳು. ಭಾನುವಾರ ಅವಳನ್ನು ಕೂರಿಸಿಕೊಂಡು ಆಸ್ಟ್ರೇಲಿಯಾ ಸರಕಾರದ ಪುಟವನ್ನೇ ಓದಿಸಿದೆ. ಎರಡು ಸಲ ಓದಿ, “ಅಂಕಲ್, ಇದ್ರಾಗ ಹಳೇ ಸ್ಟೂಡೆಂಟ್ಸ್‌ಗೆ ಛೂಟ್ ಅಂತ ಕುಛ್ ಬರ್ದಿಲ್ಲ. ಅಪ್ಲಿಕೇಶನ್ ಹಾಕೋ ದಿನ ಮೂವತ್ತಾರು ತುಂಬಿರಬಾರ್ದು, ಬಸ್” ಎಂದಳು. ಸಂಶೋಧನೆಯ ಪದವಿಯಾದರೆ ಐವತ್ತರವರೆಗೆ ಅವಕಾಶವಿದೆ, ನಿನ್ನದು ಅದಲ್ಲ.

ಜೂನ್ ಒಂದಕ್ಕೆ ನಿನಗೆ ಮೂವತ್ತಾರು. ಓದು ಮುಗಿಯುವುದು ಜೂನ್ ಕೊನೆಗೆ.

ನೀನು ಸುಳ್ಳು ಬರೆದೆ. ಅದಕ್ಕೆ ಸಿಟ್ಟಿಲ್ಲ. ಆಗಸ್ಟಿನಲ್ಲಿ ಟಿಕೆಟ್ ತೆಗೆಯುವಾಗ ನಿನಗೆ ಇದು ಗೊತ್ತಿತ್ತೇ, ಅಷ್ಟು ಹೇಳು.

ಇನ್ನೊಂದು ಪ್ರಶ್ನೆ. ಅಲ್ಲಿಯವರು ಜನ್ಮ ದಿನಾಂಕಕ್ಕೆ ಯಾವ ದಾಖಲೆ ನೋಡುತ್ತಾರೆ? ಶಾಲೆಯದೋ, ಮುನಿಸಿಪಾಲಿಟಿಯದೋ?

ಅಪ್ಪಾಜಿ


ಅಡಿಲೇಡ್
20 ಏಪ್ರಿಲ್ 2025

ಅಪ್ಪಾಜಿ,

ಗೊತ್ತಿತ್ತು. ವಿಮಾನದಲ್ಲಿ ಕೂತು ಬೆರಳಲ್ಲಿ ಎಣಿಸಿದ್ದೆ. ಮೂರು ವಾರದಲ್ಲಿ ಹಿಂದಿರುಗಿದ್ದರೆ ಆ ಸೆಮಿಸ್ಟರ್ ಉಳಿಯುತ್ತಿತ್ತು. ನಿಮ್ಮ ಹೊಲಿಗೆ ಕೀವು ಕಟ್ಟಿತು. ಐಸಿಯುವಿನ ಹೊರಗಿನ ಬೆಂಚಿನಲ್ಲಿ ಕೂತೇ ಯೂನಿವರ್ಸಿಟಿಗೆ ರಜೆಯ ಅರ್ಜಿ ಕಳಿಸಿದೆ. ಅದಕ್ಕೆ ಈಗಲೂ ನನಗೆ ಬೇಸರವಿಲ್ಲ. ನಿಮಗೆ ಇದು ತಿಳಿಯದೆ ಇರಲಿ ಎಂದು ಸುಳ್ಳು ಬರೆದೆ. ನಿಮ್ಮ ಮುಂದೆ ಅದು ಮೂರು ವಾರವೂ ನಿಲ್ಲಲಿಲ್ಲ.

ಆದರೆ ದಾರಿ ಪೂರ್ತಿ ಮುಚ್ಚಿಲ್ಲ. ನನ್ನ ಪ್ರೊಫೆಸರ್ ಕೊನೆಯ ವರದಿಯನ್ನು ಬೇಗ ತಿದ್ದಿ, ಮೇ 30ರೊಳಗೆ ಅಂಕ ಹಾಕಿಸುತ್ತೇನೆ ಎಂದಿದ್ದಾರೆ. ಓದು ಮುಗಿದ ಪತ್ರ ಅಂದು ಕೈಗೆ ಬಂದರೆ 31ಕ್ಕೆ ಅರ್ಜಿ. ಒಂದು ದಿನದ ಅಂತರ ಸಾಕು. ಹಗಲೆಲ್ಲ ಪ್ರಯೋಗಾಲಯದಲ್ಲೇ ಇರುತ್ತೇನೆ.

ದಾಖಲೆಯ ಪ್ರಶ್ನೆ ಯಾಕೆ ಕೇಳಿದಿರೋ ತಿಳಿಯಲಿಲ್ಲ. ಪಾಸ್‌ಪೋರ್ಟೇ ಎಲ್ಲ. ಪಾಸ್‌ಪೋರ್ಟಿಗೆ ಕೊಟ್ಟದ್ದು ಶಾಲೆಯ ದಾಖಲೆ.

ನೇತ್ರಾ


ಚೆಂಬೂರು
11 ಮೇ 2025

ನೇತ್ರಾ,

ಈ ಪತ್ರವನ್ನು ಕೂತು ಓದು.

ನೀನು ಹುಟ್ಟಿದ್ದು 1 ಜೂನ್ 1989 ಅಲ್ಲ. 14 ನವೆಂಬರ್ 1989, ಮಂಗಳವಾರ, ಬೆಳಿಗ್ಗೆ ಹತ್ತೂ ಮುಕ್ಕಾಲು. ಶಾಲೆಯಲ್ಲಿ ಮಕ್ಕಳ ದಿನಾಚರಣೆ. ನಾನು ಪೇಢೆ ಹಂಚುತ್ತಿದ್ದಾಗ ಹೆರಿಗೆ ಮನೆಯಿಂದ ಸುದ್ದಿ ಬಂತು.

1994ರ ಜೂನ್. ನಮ್ಮ ಮುನಿಸಿಪಲ್ ಕನ್ನಡ ಶಾಲೆಯಲ್ಲಿ ಒಂದನೆಯ ತರಗತಿಗೆ ಇಪ್ಪತ್ತು ಮಕ್ಕಳಾಗದಿದ್ದರೆ ಆ ವರ್ಷ ತರಗತಿ ತೆರೆಯುವುದಿಲ್ಲ ಎಂದು ಮೇಲಿನಿಂದ ಹೇಳಿದ್ದರು. ನಾನು ಚಾಳುಗಳನ್ನೆಲ್ಲ ಸುತ್ತಿದೆ, ಮಾಹುಲದವರೆಗೆ ನಡೆದೆ. ನಮ್ಮ ವಿಜಾಪುರದ ಗೌಂಡಿಗಳ ಮಕ್ಕಳು, ಕಲಬುರ್ಗಿ ಕಡೆಯವರು, ಯಾರು ಸಿಕ್ಕರೆ ಅವರನ್ನು ಕರೆತಂದೆ. ಹತ್ತೊಂಬತ್ತಾಯಿತು. ಸೇರಿಸಲು ಐದು ವರ್ಷ ತುಂಬಿರಬೇಕಿತ್ತು, ನಿನಗೆ ನಾಲ್ಕೂವರೆ. ಹಾಜರಿ ಪುಸ್ತಕದಲ್ಲಿ ಇಪ್ಪತ್ತನೆಯ ಹೆಸರು ನಿನ್ನದು ಬರೆದೆ. ಜನ್ಮ ದಿನಾಂಕದ ಕೆಳಗೆ ಜೂನ್ ಒಂದು ಬರೆದೆ. ಆ ಕಾಲದಲ್ಲಿ ಅರ್ಧ ಶಾಲೆ ಹುಟ್ಟಿದ್ದು ಜೂನ್ ಒಂದರಂದೇ. ಅದನ್ನು ನೋಡಿ ನೀನೇ ಎಷ್ಟೋ ಸಲ ನಕ್ಕಿದ್ದೀಯ.

ನಿನ್ನ ಅವ್ವ ಸೇವಂತಿ ಒಪ್ಪಿರಲಿಲ್ಲ. “ಮಂದಿ ತಮ್ಮ ಕೂಸಿನ ವಯಸ್ಸ ಹೆಚ್ಚಿಗಿ ಹೇಳಿದ್ರ ಬೈತೀರಿ. ಈಗ ಮನಿ ಕೂಸಿಂದ ನೀವ ತಿದ್ದತೀರೇನು? ಇನ್ನ ಮೂಗ ಒರಸ್ಕೊಳ್ಳಾಕ ಬರಂಗಿಲ್ಲ ಆಕಿಗೆ.”

“ಐದೂವರೆ ತಿಂಗಳ ಮಾತ. ದೊಡ್ಡಾಕಿ ಆದ ಮ್ಯಾಲ ಯಾರ ಕೇಳ್ತಾರ?” ಎಂದೆ.

ಇನ್‌ಸ್ಪೆಕ್ಟರ್ ಬಂದು ಕೇಳಿದರೆ ಮಗು ನಿಜ ಹೇಳಿಬಿಟ್ಟೀತೆಂದು ಮನೆಯಲ್ಲೂ ನಿನಗೆ ಜೂನ್ ಒಂದನ್ನೇ ಕಲಿಸಿದೆವು. ಹೇಳುತ್ತ ಹೇಳುತ್ತ ಅದೇ ರೂಢಿಯಾಯಿತು. ಕನ್ನಡದ ಒಂದು ತರಗತಿ ಉಳಿಯಿತಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಈಗ ಕೇಳು. ನಿಜವಾದ ಲೆಕ್ಕದಲ್ಲಿ ನವೆಂಬರ್ 13ರವರೆಗೆ ನಿನಗೆ ಮೂವತ್ತೈದೇ. ಮೇ 30ರ ಅಂಕಕ್ಕೆ ಕಾಯಬೇಕಿಲ್ಲ. ನಾಲ್ಕು ಸಲ ವಾರ್ಡ್ ಆಫೀಸಿಗೆ ಹೋಗಿ ಜನನ ದಾಖಲೆ ತೆಗೆಸಿದ್ದೇನೆ. ತಂದೆ ಸಿದ್ದರಾಮಪ್ಪ, ತಾಯಿ ಸೇವಂತಿ, ಹೆಣ್ಣು ಮಗು, 14-11-1989. ಮಗುವಿನ ಹೆಸರಿನ ಜಾಗ ಮಾತ್ರ ಖಾಲಿ ಇದೆ. ಆಗ ಹೆಸರಿಟ್ಟ ಮೇಲೆ ಹೋಗಿ ಬರೆಸಬೇಕಿತ್ತು, ನಾನು ಹೋಗಲಿಲ್ಲ. ಫೋಟೊ ಜೊತೆಗಿದೆ.

ಇದನ್ನು ಮೊದಲೇ ಹೇಳಬೇಕಿತ್ತು.

ಅಪ್ಪಾಜಿ


ಅಡಿಲೇಡ್
3 ಜೂನ್ 2025

ಅಪ್ಪಾಜಿ,

ಮೇ 30ಕ್ಕೆ ಅಂಕ ಬರಲಿಲ್ಲ. ಪ್ರೊಫೆಸರ್ ತಮ್ಮ ಕೆಲಸ ಮುಗಿಸಿ ಸಹಿ ಹಾಕಿದರು. ಆದರೆ ಫಲಿತಾಂಶಕ್ಕೆ ಒಪ್ಪಿಗೆ ಕೊಡುವ ಮಂಡಳಿ ಸೇರುವುದು ಜುಲೈ 4ಕ್ಕೆ. ಒಬ್ಬಳಿಗಾಗಿ ಮೊದಲೇ ಸೇರುವುದಿಲ್ಲ. ಮೊನ್ನೆ ಬ್ಯಾಂಕಿನಿಂದ, ಫೋನ್ ಕಂಪನಿಯಿಂದ ಹುಟ್ಟುಹಬ್ಬದ ಶುಭಾಶಯ ಬಂತು. ನನಗೆ ಮೂವತ್ತಾರು.

ನಿಮ್ಮ ಪತ್ರವನ್ನು ಇಪ್ಪತ್ತು ದಿನ ಇಟ್ಟುಕೊಂಡೆ. ಮೊದಲು ಇಲ್ಲಿಯ ವೀಸಾ ಏಜೆಂಟ್ ಮಾತು ಹೇಳುತ್ತೇನೆ. ದುಡ್ಡು ಕೊಟ್ಟು ಕೇಳಿದೆ. ಹೆಸರಿಲ್ಲದ ಜನನ ದಾಖಲೆ ನನ್ನದೇ ಎಂದು ತೋರಿಸುವುದು ಹೇಗೆ, ಅದೊಂದು. ತೋರಿಸಿದರೂ, ಇಲ್ಲಿಯವರೆಗೆ ಈ ದೇಶಕ್ಕೆ ಕೊಟ್ಟ ಪ್ರತಿಯೊಂದು ಅರ್ಜಿಯಲ್ಲಿ ಜೂನ್ ಒಂದು ಎಂದಿದೆ; ವಯಸ್ಸಿನ ಮಿತಿ ದಾಟಿದ ವಾರದಲ್ಲೇ ಹೊಸ ತಾರೀಖು ತಂದರೆ ಅದನ್ನು ಯಾರೂ ನಿಜ ಎಂದು ಓದುವುದಿಲ್ಲ. ಈ ದಾಖಲೆಯನ್ನು ಯಾರಿಗೂ ತೋರಿಸಬೇಡ, ಮಾತೇ ಆಡಬೇಡ ಎಂದ. ನಿಮಗೂ ಅದೇ ಹೇಳುತ್ತಿದ್ದೇನೆ. ದಯವಿಟ್ಟು ಅದನ್ನು ಟ್ರಂಕಿನಲ್ಲಿಡಿ.

ಇನ್ನು ನನ್ನ ಮಾತು. ತರಗತಿಯಲ್ಲಿ ನಾನೇ ಎಲ್ಲರಿಗಿಂತ ಗಿಡ್ಡ. ಸಾಲಿನ ಕೊನೆಯವಳು. ಉಳಿದವರಿಗೆ ಮಗ್ಗಿ ಬರುತ್ತಿತ್ತು, ನನಗೆ ಬರುತ್ತಿರಲಿಲ್ಲ. ನೀವು ಎಲ್ಲರೆದುರು ಬೆಂಚಿನ ಮೇಲೆ ನಿಲ್ಲಿಸಿದಿರಿ. ‘ಮಾಸ್ತರನ ಮಗಳೇ ದಡ್ಡಿ’ ಎಂದು ಹುಡುಗರು ಅಂದರು. ನಾನು ದಡ್ಡಿ ಎಂದೇ ನಂಬಿ ಬೆಳೆದೆ. ಮುಂದೆ ಓದುವ ಧೈರ್ಯ ಮಾಡಲು ಮೂವತ್ಮೂರು ವರ್ಷ ಹಿಡಿಯಿತು. ನಿಮಗೆ ಗೊತ್ತಿತ್ತು, ನಾನು ದಡ್ಡಿಯಲ್ಲ, ಚಿಕ್ಕವಳು ಎಂದು.

ಒಂದೇ ಪ್ರಶ್ನೆ. ಉಳಿದದ್ದು ಕನ್ನಡದ ತರಗತಿಯೋ, ನಿಮ್ಮ ಜಾಗವೋ?

ನೇತ್ರಾ


ಚೆಂಬೂರು
8 ಜೂನ್ 2025

ನೇತ್ರಾ,

ಉತ್ತರ: ಎರಡೂ. ತರಗತಿ ಮುಚ್ಚಿದ್ದರೆ ನನ್ನನ್ನು ಹೆಚ್ಚುವರಿ ಎಂದು ದಹಿಸರದ ಕಡೆ ಹಾಕುವವರಿದ್ದರು. ಹೋಗಿ ಬರುವುದಕ್ಕೆ ನಾಲ್ಕು ತಾಸು. ಕನ್ನಡದ ಹೆಸರು ಹೇಳಿಕೊಂಡೆ, ಅದೂ ಸುಳ್ಳಲ್ಲ. ಯಾವುದು ಎಷ್ಟು ಎಂದು ಈಗ ನನಗೂ ತಿಳಿಯದು. ನಿನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದು ನೆನಪಿದೆ. ಬೇರೆ ಮಕ್ಕಳು ‘ಮಗಳಿಗೊಂದು ನ್ಯಾಯ’ ಎನ್ನಬಾರದೆಂದು ನಿಲ್ಲಿಸುತ್ತಿದ್ದೆ.

ಈಗ ಬರೆಯಲು ಕೈ ಬಾರದ ವಿಷಯ. ಹಿಂದಿನ ಪತ್ರದ ನಂತರ ನಾನು ಮಾಡಿದ್ದೊಂದನ್ನು ನಿನಗೆ ತಿಳಿಸಿಲ್ಲ. ಆ ಪತ್ರ ನಿನಗೆ ಕಳಿಸಿದ ಮರುದಿನ, ಮೇ 12ರಂದು, ನೋಟರಿ ಮುಂದೆ ಪ್ರಮಾಣಪತ್ರ ಮಾಡಿಸಿ, ಜನನ ದಾಖಲೆಯ ನಕಲು, ನಿನ್ನ ಪಾಸ್‌ಪೋರ್ಟಿನ ನಕಲು ಎಲ್ಲ ಸೇರಿಸಿ ಅಲ್ಲಿಯ ವೀಸಾ ಇಲಾಖೆಗೆ ನಾನೇ ಅರ್ಜಿ ಕಳಿಸಿದ್ದೇನೆ. ಸ್ಟೇಷನ್ ಪಕ್ಕದ ಜೆರಾಕ್ಸ್ ಅಂಗಡಿಯವನು ಈಮೇಲ್ ಮಾಡಿಕೊಟ್ಟ. ತಪ್ಪು ನನ್ನದು, ಮಗಳಿಗೆ ಏನೂ ತಿಳಿಯದು, ಐದೂವರೆ ತಿಂಗಳನ್ನು ಅವಳಿಗೆ ಹಿಂದಿರುಗಿಸಬೇಕು ಎಂದು ಬರೆದೆ. ಉತ್ತರ ಬಂದ ಮೇಲೆ ನಿನಗೆ ಹೇಳೋಣವೆಂದಿದ್ದೆ.

ಮೂವತ್ತೊಂದು ವರ್ಷದ ನೌಕರಿಯಲ್ಲಿ ನನ್ನ ಅರ್ಜಿಗಳು ಹಾಗೆಯೇ ನಡೆದವು. ಬೆಂಚು ಬಂದವು, ನಲ್ಲಿ ಬಂತು, ಸಂಬಳದ ಬಾಕಿ ಬಂತು. ದಾಖಲೆ ಸಮೇತ ನಿಜ ಬರೆದರೆ ಕೊನೆಗೊಬ್ಬ ಓದುತ್ತಾನೆ ಎಂದು ನಂಬಿದವನು ನಾನು.

ಉತ್ತರ ಇನ್ನೂ ಬಂದಿಲ್ಲ. ಯಾರೂ ಓದಿಲ್ಲದಿರಬಹುದು.

ಅಪ್ಪಾಜಿ


ಅಡಿಲೇಡ್
17 ಜುಲೈ 2025

ಅಪ್ಪಾಜಿ,

ಓದಿದ್ದಾರೆ.

ನನಗೆ ನೋಟಿಸ್ ಬಂದಿದೆ. ನಿಮ್ಮ ಪ್ರಮಾಣಪತ್ರದ ನಕಲು ಅದರ ಜೊತೆಗಿದೆ. ನನ್ನ ಗುರುತು ಮತ್ತು ಜನ್ಮ ದಿನಾಂಕದ ಬಗ್ಗೆ ವಿವರಣೆ ಕೇಳಿದ್ದಾರೆ. ನವೆಂಬರ್ ನಿಜ ಎಂದರೆ, ಹಿಂದೆ ಕೊಟ್ಟ ಎಲ್ಲ ಅರ್ಜಿಗಳೂ ಸುಳ್ಳಾಗುತ್ತವೆ. ಹಾಗೆ ತೀರ್ಮಾನವಾದರೆ ಹಲವು ವರ್ಷ ಈ ದೇಶದ ಯಾವ ವೀಸಾವನ್ನೂ ಕೇಳುವಂತಿಲ್ಲ, ಬೇರೆ ದೇಶಗಳ ಫಾರಂನಲ್ಲೂ ಅದನ್ನು ಬರೆಯಬೇಕಾಗುತ್ತದೆ ಎಂದು ಏಜೆಂಟ್ ಹೇಳುತ್ತಾನೆ. ಜೂನ್ ನಿಜ ಎಂದರೆ, ನನ್ನ ತಂದೆ ಪ್ರಮಾಣ ಮಾಡಿ ಯಾಕೆ ಬೇರೆ ಹೇಳಿದರು ಎಂಬುದಕ್ಕೆ ಕಾರಣ ಕೊಡಬೇಕು.

ಫಲಿತಾಂಶ ಬಂತು. ವಿಭಾಗದಲ್ಲಿ ಎರಡನೆಯವಳು. ಪ್ರಯೋಗಾಲಯದ ಮೇಜಿಗೆ ಬೇರೆಯವರನ್ನು ತೆಗೆದುಕೊಂಡರು. ಮುಖ್ಯಸ್ಥೆ ಫೋನ್ ಮಾಡಿ ಅತ್ತರು. ನಾನೇ ಸಮಾಧಾನ ಹೇಳಿದೆ. ನನ್ನ ಸ್ಟೂಡೆಂಟ್ ವೀಸಾ ಸೆಪ್ಟೆಂಬರ್ 15ರವರೆಗಿದೆ. ಅಷ್ಟರಲ್ಲಿ ಹೊರಡಬೇಕು. ಉಳಿದಿರುವುದು, ಸುಳ್ಳುಗಾತಿ ಎಂಬ ಹೆಸರಿಲ್ಲದೆ ಹೊರಡುವುದು.

ಏಜೆಂಟ್ ಒಂದೇ ದಾರಿ ಹೇಳಿದ. ನಿಮಗೆ ನೆನಪು ಕೈಕೊಡುತ್ತಿದೆ, ಆಪರೇಷನ್ ಆದ ಮೇಲೆ ತಾರೀಖುಗಳು ಕಲಸಿಹೋಗಿವೆ, ಮಗಳು ಹುಟ್ಟಿದ್ದು ಜೂನ್ ಒಂದಕ್ಕೇ, ಆ ನವೆಂಬರಿನ ಮಗು ಬೇರೆ, ಉಳಿಯಲಿಲ್ಲ ಎಂದು ಇನ್ನೊಂದು ಪ್ರಮಾಣಪತ್ರ. ಜೊತೆಗೆ ಡಾಕ್ಟರ ಸರ್ಟಿಫಿಕೇಟ್. ಜೂನ್‌ನಲ್ಲಿ ನಾನು ಹುಟ್ಟಿದ್ದರೆ ಐದೂವರೆ ತಿಂಗಳಿಗೇ ಅವ್ವನಿಗೆ ಇನ್ನೊಂದು ಹೆರಿಗೆ ಹೇಗೆ ಎಂದು ನಾನು ಕೇಳಿದೆ. ಅವನಿಗೆ ಅದು ಹೊಳೆದಿರಲಿಲ್ಲ. ಹಾಗಾದರೆ ಆ ಮಗುವಿನ ಮಾತು ಬಿಡು. ಆ ದಾಖಲೆ ಅದೇ ಹೆಸರಿನ ಬೇರೆ ಯಾರದೋ, ಮಗಳದೆಂದು ತಪ್ಪು ತಿಳಿದೆ ಎಂದಷ್ಟೇ ಬರೆಯಲಿ ಎಂದ.

ಬರೆಯುತ್ತೀರಾ? ಆಗಸ್ಟ್ 10ರೊಳಗೆ ಬೇಕು.

ನೇತ್ರಾ


ಚೆಂಬೂರು
3 ಆಗಸ್ಟ್ 2025

ನೇತ್ರಾ,

ಎರಡೂ ಕಾಗದದ ಫೋಟೊ ಜೊತೆಗಿದೆ. ಮೂಲ ಪ್ರತಿಗಳನ್ನು ಸ್ಪೀಡ್ ಪೋಸ್ಟ್ ಮಾಡಿದ್ದೇನೆ.

ನೋಟರಿ ಅದೇ ಮನುಷ್ಯ. “ಕಾಕಾ, ಮೇ ಮಹಿನ್ಯಾತ್ ಏಕ್, ಆತಾ ದುಸ್ರಂ? ಮುಲ್ಗೀ ಏಕಚ್ ನಾ?” ಎಂದು ಮರಾಠಿಯಲ್ಲಿ ನಕ್ಕ; ಮೇ ತಿಂಗಳಲ್ಲೊಂದು ಪ್ರಮಾಣಪತ್ರ, ಈಗ ಇನ್ನೊಂದು, ಮಗಳು ಒಬ್ಬಳೇ ತಾನೆ ಎಂದು. ಮಗಳು ಒಬ್ಬಳೇ ಎಂದೆ.

ಡಾಕ್ಟರ ಬಳಿ ಜೊತೆಗೊಬ್ಬರು ಇರಲೇಬೇಕಂತೆ. ಶೆಟ್ಟೆಪ್ಪ ಬಂದ. ಅವನಿಗೆ ಏನೂ ಹೇಳಿರಲಿಲ್ಲ. ಹೇಳಿದ್ದರೆ ಅವನು ಇಡೀ ಬಿಲ್ಡಿಂಗಿಗೆ ಹೇಳುತ್ತಿದ್ದ. ಡಾಕ್ಟರು ಹಿಂದಿಯಲ್ಲಿ ಮೂರು ಪದ ಕೊಟ್ಟು ನೆನಪಿಡಿ ಎಂದರು: ಕುರ್ಸಿ, ಘಡಿ, ಆಮ್. ಆಮೇಲೆ ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದರು. ತೊಂಬತ್ಮೂರು ನಾಲಿಗೆಯ ತುದಿಗೆ ಬಂತು. ನುಂಗಿದೆ. ತೊಂಬತ್ತೈದು ಎಂದೆ. ಆಮೇಲೆ ಎಂಬತ್ತು. ಆಮೇಲೆ ಸುಮ್ಮನಾದೆ. ಮೂವತ್ತೊಂದು ವರ್ಷ ಮಕ್ಕಳಿಗೆ ವ್ಯವಕಲನ ಕಲಿಸಿದವನು, ತಪ್ಪು ಉತ್ತರ ಹುಡುಕಲು ಬೆವರಿದೆ. ಮೂರು ಪದದಲ್ಲಿ ಕುರ್ಸಿ ಒಂದನ್ನೇ ಹೇಳಿದೆ. ಇದು ಯಾವ ವರ್ಷ ಎಂದರು. 2019 ಎಂದೆ. ಶೆಟ್ಟೆಪ್ಪ ತಲೆ ತಗ್ಗಿಸಿದ.

ಕೊನೆಗೆ ಫೈಲು ನೋಡಿ, “ಬೇಟಿ ಕಾ ಜನಮ್ ದಿನ್?” ಎಂದು ಮಗಳು ಹುಟ್ಟಿದ ದಿನ ಕೇಳಿದರು.

“ಏಕ್ ಜೂನ್, ಉನ್ನೀಸ್ ಸೌ ನವಾಸೀ” ಎಂದು 1989ರ ಜೂನ್ ಒಂದನ್ನೇ ಹೇಳಿದೆ.

“ಚಲೋ, ಯೇ ತೋ ಬರಾಬರ್ ಬೋಲಾ” ಎಂದು ಗುರುತು ಹಾಕಿಕೊಂಡರು. ತಾರೀಖುಗಳಲ್ಲಿ ನಾನು ಸರಿಯಾಗಿ ಹೇಳಿದ್ದು ಅದೊಂದೇ ಎಂದು ಅವರ ಕಾಗದದಲ್ಲಿದೆ.

ಆಟೋದಲ್ಲಿ ಶೆಟ್ಟೆಪ್ಪ ನನ್ನ ಕೈ ಹಿಡಿದು, “ಚಿಂತಿ ಮಾಡಬ್ಯಾಡ್ರಿ ಮಾಸ್ತರ, ನಾವಿದೀವಿ” ಎಂದ. ಸಂಜೆ ರಾಧಿಕಾ ಬಂದು ಗೋಡೆಗೆ ಅವರ ಫೋನ್ ನಂಬರ್ ದೊಡ್ಡದಾಗಿ ಬರೆದು ಅಂಟಿಸಿ ಹೋದಳು.

ನೀನು ಹೊರಡುವ ದಿನ ತಿಳಿಸು. ಏರ್‌ಪೋರ್ಟಿಗೆ ಬರುತ್ತೇನೆ.

ಅಪ್ಪಾಜಿ


ಅಡಿಲೇಡ್
14 ಸೆಪ್ಟೆಂಬರ್ 2025

ಅಪ್ಪಾಜಿ,

ಇಲಾಖೆ ನಿಮ್ಮ ಎರಡನೆಯ ಪ್ರಮಾಣಪತ್ರವನ್ನು ಒಪ್ಪಿ ವಿಚಾರಣೆ ಮುಗಿಸಿದೆ. ನನ್ನ ಹೆಸರಿನ ಮೇಲೆ ಏನೂ ಉಳಿದಿಲ್ಲ.

ಹೊರಡುವುದು ಸ್ವಲ್ಪ ಮುಂದೆ ಹೋಗಿದೆ. ವಿಸಿಟರ್ ವೀಸಾದಲ್ಲಿ ಕೆಲವು ವಾರ ಇರುತ್ತೇನೆ, ಸಾಮಾನು ವಿಲೇವಾರಿ ಮಾಡಬೇಕು. ಇಲ್ಲಿ ಚಳಿ ಕಡಿಮೆಯಾಗಿದೆ. ನೀವು ಏರ್‌ಪೋರ್ಟಿಗೆ ಬರುವ ತೊಂದರೆ ಬೇಡ.

ನೇತ್ರಾ


ಚೆಂಬೂರು
5 ಅಕ್ಟೋಬರ್ 2025

ನೇತ್ರಾ,

ಬುಧವಾರ ರಾಧಿಕಾ ಬಂದು ಬಾಗಿಲಲ್ಲೇ ನಿಂತು, “ಅಂಕಲ್, ನೇತ್ರಾ ದೀದಿ ಯಾವಾಗ ಬಂದ್ರು? ಘಾಟಕೋಪರದಾಗ ಮೆಟ್ರೊ ಲೈನಿನ್ಯಾಗ ನೋಡ್ದೆ. ಕರದೆ, ಗರ್ದಿ ಇತ್ತು, ಕೇಳ್ಸಲಿಲ್ಲ” ಎಂದಳು.

ನೇತ್ರಾ ಅಡಿಲೇಡಿನಲ್ಲಿದ್ದಾಳೆ, ಪತ್ರ ಬಂದಿದೆ ಎಂದು, ಪ್ರಮಾಣಪತ್ರದ ಸಾಲನ್ನು ಬೆರಳಿನಿಂದ ಮುಚ್ಚಿಕೊಂಡು ನಿನ್ನ ಪತ್ರವನ್ನು ತೋರಿಸಿದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಶೆಟ್ಟೆಪ್ಪನನ್ನು ಕರೆದಳು. ಅವನು ಕನ್ನಡಕ ಹಾಕಿಕೊಂಡು ಓದಿದ. ಓದಿ ಸೊಸೆಯ ಮುಖ ನೋಡಿದ. ಅವಳು, “ಪಪ್ಪಾ, ನಾ ಸಾಫ್ ನೋಡೇನಿ. ದೀದೀನೇ” ಎಂದಳು. “ಇರ್ಲಿ ಬಿಡವಾ, ಮಾಸ್ತರ ಹೇಳ್ತಾರಲ್ಲ” ಎಂದು ಅವಳನ್ನು ಹೊರಗೆ ಕರೆದೊಯ್ದ. ಹೊರಗೆ ಅವರು ಪಿಸುಗುಟ್ಟಿದ್ದು ನನಗೆ ಕೇಳಿಸಲಿಲ್ಲ, ಕಾಣಿಸಿತು. ಮಗಳು ಮನೆಗೆ ಬಂದು ಹೋದದ್ದನ್ನೂ ಮುದುಕ ಮರೆತಿದ್ದಾನೆ, ಹಳೆಯ ಪತ್ರ ಹಿಡಿದು ಕೂತಿದ್ದಾನೆ ಎಂದು ಅವರು ತಿಳಿದರು.

ಪತ್ರದ ಮೇಲೆ ನೀನು ಅಡಿಲೇಡ್ ಎಂದು ಬರೆದಿದ್ದೀಯ. ನಾನು ಅದನ್ನೇ ನಂಬುತ್ತೇನೆ. ಆದರೆ ಕೇಳದೆ ಇರಲಾರೆ. ರಾಧಿಕಾ ನೋಡಿದ್ದು ನಿನ್ನನ್ನೇ?

ಅಪ್ಪಾಜಿ


ಅಂಧೇರಿ
9 ಅಕ್ಟೋಬರ್ 2025

ಅಪ್ಪಾಜಿ,

ನನ್ನನ್ನೇ. ಅವಳು ಕರೆದದ್ದು ಕೇಳಿಸಿತ್ತು. ಸಾಲು ಬಿಟ್ಟು ಮೆಟ್ರೊದ ಮುಂದಿನ ಬೋಗಿಗೆ ಹೋದೆ.

ಬಂದು ಐದು ವಾರವಾಯಿತು. ಹಿಂದಿನ ಪತ್ರ ಬರೆದದ್ದೂ ಇಲ್ಲಿಂದಲೇ. ನಾಲ್ಕು ಹುಡುಗಿಯರ ಜೊತೆ ಒಂದು ಪೇಯಿಂಗ್ ಗೆಸ್ಟ್ ಮನೆಯಲ್ಲಿದ್ದೇನೆ. ಎಲ್ಲರೂ ಇಪ್ಪತ್ತೈದರ ಒಳಗಿನವರು, ನನ್ನನ್ನು ಆಂಟಿ ಎನ್ನುತ್ತಾರೆ. ಔಷಧಿ ಕಾರ್ಖಾನೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದೆ. ಸಹಿ ಬೇರೆಯವರದು.

ಎರಡು ಸಲ ಚೆಂಬೂರಿಗೆ ಬಂದೆ. ಒಂದು ಸಲ ಬಿಲ್ಡಿಂಗಿನ ಗೇಟಿನವರೆಗೆ. ನೀವು ಗಾರ್ಡನ್ನಿನಿಂದ ಬರುತ್ತಿದ್ದಿರಿ, ಶೆಟ್ಟೆಪ್ಪ ಕಾಕಾ ನಿಮ್ಮ ತೋಳು ಹಿಡಿದಿದ್ದರು. ನಿಮಗೆ ಹಿಡಿಯುವುದು ಬೇಕಿರಲಿಲ್ಲ, ಆದರೂ ಹಿಡಿಸಿಕೊಂಡಿದ್ದಿರಿ. ನಾನು ಹಿಂದಿರುಗಿದೆ.

ನಿಮ್ಮ ಮೇಲೆ ಸಿಟ್ಟಿದೆ. ಅದು ಇಳಿದಾಗ, ನಿಮ್ಮಿಂದ ನಾನು ಬರೆಸಿದ್ದು ನೆನಪಾಗುತ್ತದೆ. ಎರಡರಲ್ಲಿ ಯಾವುದನ್ನು ಹಿಡಿದು ಬಾಗಿಲು ತಟ್ಟಲಿ, ತಿಳಿಯುತ್ತಿಲ್ಲ. ನೀವು ಇಲ್ಲಿಗೆ ಬರಬೇಡಿ. ಅವರು ಕೇಳಿದರೆ ಹೇಳಿ, ಮಗಳು ಬಂದಿದ್ದಾಳೆ, ನನಗೆ ನೆನಪು ಚೆನ್ನಾಗಿದೆ ಎಂದು. ನಾನು ರಾಧಿಕಾಳಿಗೆ ಫೋನ್ ಮಾಡಿ ಹೇಳಬಲ್ಲೆ.

ನೇತ್ರಾ


ಚೆಂಬೂರು
12 ಅಕ್ಟೋಬರ್ 2025

ನೇತ್ರಾ,

ಫೋನ್ ಮಾಡಬೇಡ. ಶೆಟ್ಟೆಪ್ಪನಿಗೆ ತಿಳಿದರೆ ಮಾತು ಎಲ್ಲಿಯವರೆಗೆ ಹೋಗುತ್ತದೋ ಹೇಳಲಾಗದು. ಮುಂದೆಂದಾದರೂ ನೀನು ಮತ್ತೆ ಅರ್ಜಿ ಹಾಕಿದರೆ ಯಾರಾದರೂ ವಿಚಾರಿಸಿಯಾರು. ಆಗ ಡಾಕ್ಟರ ಕಾಗದ ನಿಜವಾಗಿರಬೇಕು. ಒಂದು ಕಾಗದವನ್ನು ಇನ್ನೊಂದು ಕಾಗದದಿಂದ ಹೊಡೆಯುವುದು ಇನ್ನು ಬೇಡ.

ನಿನ್ನ ವಿಳಾಸ ಕೇಳುವುದಿಲ್ಲ. ಬರುವುದಿಲ್ಲ.

ಇವತ್ತು ಬೆಳಿಗ್ಗೆ ಚಹಾ ಮಾಡಿ, ಗ್ಯಾಸ್ ಬಂದ್ ಮಾಡಿ ಕೂತಿದ್ದೆ. ಶೆಟ್ಟೆಪ್ಪ ಬಂದ.

“ಮಗಳ ಪತ್ರ ಬಂತೇನ್ರಿ ಮಾಸ್ತರ?”

“ಬಂತು.”

“ಎಲ್ಲಿದಾಳ್ರಿ ಈಗ?”

“ಅಡಿಲೇಡ್” ಎಂದೆ.

“ಹೌದ್ರಿ” ಎಂದ. ಎದ್ದು ಒಳಗೆ ಹೋಗಿ ಗ್ಯಾಸಿನ ಗುಂಡಿಯನ್ನು ಮುಟ್ಟಿ ನೋಡಿದ, ಸಿಲಿಂಡರಿನದನ್ನೂ ತಿರುವಿದ. ಬಂದು ನನ್ನ ಪಕ್ಕದಲ್ಲಿ ಕೂತ. ಪೇಪರನ್ನು ನನ್ನ ಕೈಗೆ ಕೊಡಲಿಲ್ಲ. ತಾನೇ ಬಿಡಿಸಿ, ಒಂದೊಂದೇ ಶಬ್ದ, ಒಂದನೆಯ ತರಗತಿಯ ಮಗುವಿಗೆ ಓದಿ ಹೇಳುವ ಹಾಗೆ, ನನ್ನ ಕಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಓದತೊಡಗಿದ. ನಾನು ಕೇಳಿಸಿಕೊಳ್ಳುತ್ತಿದ್ದೆ.

ಅಪ್ಪಾಜಿ